ಆರು ಕಿಲೋ ನಾನೂರು

ಅಂಗಡಿಯವ ಹೇಳಿದ ಸಿಂಥಸೈಜರಿನ ಬೆಲೆಯನ್ನು
ನನ್ನ ಸಂಬಳದಿಂದ ಭಾಗಿಸಿದೆ.
ಏಳು ತಿಂಗಳು ಬಂತು, ಶೇಷ ಒಂದು ಬಸ್ ಪಾಸು.
ಏಳು ತಿಂಗಳು ಉಪವಾಸ ಕೂತರೆ
ಹೊಟ್ಟೆಯೇ ಒಳ್ಳೆಯ ಶಬ್ದ ಮಾಡೀತು, ಪುಕ್ಕಟೆ.

ಹಾಗಾಗಿ ಬಂದರು. ಶನಿವಾರ ಡ್ಯೂಟಿ ಮುಗಿಸಿ
ಹಂಪನಕಟ್ಟೆಯಿಂದ ಇಳಿದು ಇಳಿದು
ಒಣಮೀನಿನ ವಾಸನೆ ದಾರಿಗೆ ಅಡ್ಡ ನಿಲ್ಲುವಲ್ಲಿ ಎಡಕ್ಕೆ,
ಐಸ್ ಪ್ಲಾಂಟಿನ ಗೋಡೆಗೆ ಒರಗಿದ
ಇದ್ದಿನಬ್ಬರ ಗುಜರಿ.

ಇಂಥದ್ದೇ ಬೇಕು ಎಂದು ಹೇಳಲು ನನಗೆ ಬರುವುದಿಲ್ಲ.
ಗುಂಯ್‌ಗುಡುವಂಥದ್ದು, ತನ್ನಷ್ಟಕ್ಕೆ ಬಿಕ್ಕುವಂಥದ್ದು.
ಹೋದ ವರ್ಷ ಒಂದು ಹಾಡುವ ಮದುವೆ ಕಾಗದದ ಹೊಟ್ಟೆ ಸೀಳಿ
ನಾಣ್ಯದಷ್ಟು ತಗಡು ತೆಗೆದೆ,
ಇದೇ ಐಸ್ ಪ್ಲಾಂಟಿನ ಪೈಪಿಗೆ ಅಂಟಿಸಿ
ನೀರು ಹೆಪ್ಪುಗಟ್ಟುವುದನ್ನು ಬೆಳಗಿನವರೆಗೆ ಕೇಳಿದೆ.
ಮೇಳದ ಭಾಗವತರೊಬ್ಬರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ:
ಶ್ರುತಿ ನಿಲ್ಲುವುದಿಲ್ಲ ಎಂದು ಅವರು ಎಸೆದರು,
ಶ್ರುತಿ ನಿಲ್ಲುವುದಿಲ್ಲ ಎಂದೇ ನಾನು ಕೊಂಡೆ.

“ಎಂತ ಬೇಕು ಡಾಕ್ಟ್ರೇ?”
ನಾನು ಡಾಕ್ಟರಲ್ಲ, ಕಿವಿ ಪರೀಕ್ಷೆ ಮಾಡುವವಳು.
ಹೇಳಿ ಹೇಳಿ ಬಿಟ್ಟಿದ್ದೇನೆ.

ಮುರಿದ ಫ್ಯಾನು, ಬೋಟಿನ ವಯರ್‌ಲೆಸ್ಸು,
ಅದರಡಿಯಲ್ಲಿ ನಮ್ಮದೇ ಆಸ್ಪತ್ರೆಯ ಆಡಿಯೋಮೀಟರ್!
ಬೆನ್ನಿಗೆ ನನ್ನದೇ ಅಕ್ಷರದ ಚೀಟಿ:
“ಎಡಗಿವಿಯ ವಯರ್ ಲೂಸ್. ನಿಧಾನ. ಹರಿಣಾಕ್ಷಿ.”

ಹನ್ನೊಂದು ವರ್ಷ ಇದರ ಹಿಂದೆ ಕೂತಿದ್ದೆ.
ಮುದುಕರ, ಮಕ್ಕಳ, ಕಾರ್ಖಾನೆಯವರ ತಲೆಯೊಳಗೆ
ಒಂದೊಂದೇ ಸ್ವರ ಇಳಿಬಿಟ್ಟು
ಬೆರಳೆತ್ತುವುದನ್ನು ಕಾಯುತ್ತಿದ್ದೆ, ಗಾಳ ಹಾಕಿದವಳ ಹಾಗೆ.
ಕಂಪ್ಯೂಟರಿನದ್ದು ಬಂತು, ಇದು ಹೋಯಿತು.
ಎಲ್ಲಿಗೆ ಅಂತ ನಾನೂ ಕೇಳಲಿಲ್ಲ.
ಇಷ್ಟು ವರ್ಷ ವಾದ್ಯದ ಮುಂದೆ ಕೂತು
ವಾದ್ಯವೆಂದು ಒಮ್ಮೆಯೂ ಹೊಳೆಯದೆ
ಊರೆಲ್ಲ ವಾದ್ಯ ಹುಡುಕಿದ್ದೆ.
ನೂರ ಇಪ್ಪತ್ತೈದರಿಂದ ಎಂಟು ಸಾವಿರದವರೆಗೆ
ಮಾಂಸವಿಲ್ಲದ, ತೊಳೆದಿಟ್ಟ ಮೂಳೆಯಂಥ ಸ್ವರಗಳು.

ತಕ್ಕಡಿಗೆ ಹಾಕಿದರು. ಆರು ಕಿಲೋ ನಾನೂರು.
ನಾನು ಕಬ್ಬಿಣದ ರೇಟು ಹಿಡಿದೆ.
“ಒಳಗೆ ತಾಮ್ರ ಉಂಟು” ಎಂದು ಅವರು ಹಿಡಿದರು.
ಒಳಗೆ ಏನುಂಟೆಂದು ಅವರಿಗೆ ಗೊತ್ತಾದರೆ
ಎಂದು ನನ್ನ ಎದೆ ಡವಡವ.
ಐನೂರಕ್ಕೆ ಬಂತು, ನಿಂತಿತು.
“ನಡೀತದಾ ನೋಡಿ ಮೊದಲು. ಆಮೇಲೆ ನನಗೆ ಬೈಬೇಡಿ.”

ಪ್ಲಗ್ಗು ಸಿಕ್ಕಿಸಿ, ಅಭ್ಯಾಸಬಲದಿಂದ,
ಹೆಡ್‌ಫೋನನ್ನು ಅವರ ಬಿಳಿ ಟೊಪ್ಪಿಯ ಮೇಲಿಂದ ಇಳಿಸಿ
“ಕೇಳಿದರೆ ಬೆರಳೆತ್ತಿ” ಎಂದೆ.

ಐನೂರು. ಎತ್ತಿದರು.
ಸಾವಿರ. ನಗುತ್ತಾ ಎತ್ತಿದರು.
ಎರಡು ಸಾವಿರಕ್ಕೆ ಸ್ವಲ್ಪ ತಡ.
ನಾಲ್ಕು ಸಾವಿರಕ್ಕೆ ಡಯಲು ತಿರುಗಿಸಿದೆ, ಇನ್ನೂ ತಿರುಗಿಸಿದೆ.
ಹೆಡ್‌ಫೋನಿನಿಂದ ಸೋರಿದ ಕೀರಲು
ಆಚೆ ತಗಡು ಬಡಿಯುತ್ತಿದ್ದ ಹುಡುಗನಿಗೂ ಮುಟ್ಟಿ
ಅವನು ಸುತ್ತಿಗೆ ನಿಲ್ಲಿಸಿ ತಿರುಗಿ ನೋಡಿದ.
ಇದ್ದಿನಬ್ಬರು ತೊಡೆಯ ಮೇಲೆ ಕೈಯಿಟ್ಟು
ಒಳ್ಳೆಯ ವಿದ್ಯಾರ್ಥಿಯ ಹಾಗೆ ಕಾಯುತ್ತಿದ್ದರು.
“ಇನ್ನೂ ಶುರು ಮಾಡಿಲ್ವಾ?”

ನಲವತ್ತು ವರ್ಷದ ಸುತ್ತಿಗೆ. ಇದರ ಬಗ್ಗೆ
ಹೇಳಬೇಕಾದ ನಾಲ್ಕು ವಾಕ್ಯ ನನಗೆ ಬಾಯಿಪಾಠ.
ಆದರೆ ಬಾಯಿಗೆ ಬಂದದ್ದು
“ವಯರ್ ಲೂಸ್ ಉಂಟು.”

“ಹಾಗಾದರೆ ಐವತ್ತು ಕಡಿಮೆ ಕೊಡಿ.”
ಬೇಡವೆಂದರೂ ಬಿಡಲಿಲ್ಲ.
“ಹಾಳಾದ್ದಕ್ಕೆ ಪೂರ್ತಿ ದುಡ್ಡು ತಗೊಳ್ಳುವುದಾ, ಮಾರಾಯ್ತಿ?”

ಈಗ ಜೆಪ್ಪುವಿನ ನನ್ನ ಕೋಣೆಯಲ್ಲಿ ಅದು ಕೂತಿದೆ,
ತೂಕಕ್ಕೆ ಸಿಕ್ಕಿದ್ದು, ಸುಳ್ಳಿಗೆ ಸೋಡಿ ಸಿಕ್ಕಿದ್ದು.
ಐಸು ಕಟ್ಟುವ ಸದ್ದಿನ ಕೆಳಗೆ ನೂರ ಇಪ್ಪತ್ತೈದು ಹಾಸುತ್ತೇನೆ,
ನಿಲ್ಲದ ಶ್ರುತಿಯನ್ನು ಅದರ ಮೇಲೆ ಅಲೆಯಲು ಬಿಡುತ್ತೇನೆ.
ನಾಲ್ಕು ಸಾವಿರಕ್ಕೆ ಬಂದಾಗ ಮಾತ್ರ
ಕೈ ಡಯಲಿನ ಮೇಲೆಯೇ ನಿಂತು
ಯಾರೋ ಬೆರಳೆತ್ತಲಿ ಎಂದು ಕಾಯುತ್ತದೆ.

ಸೋಮವಾರ ಹೊಸ ಮಿಷಿನಿನಲ್ಲಿ ಹನ್ನೊಂದೂವರೆಗೆ
ಒಂದು ಹೆಸರು ಬರೆದಿಟ್ಟಿದ್ದೇನೆ.
ಐವತ್ತರ ನೋಟು ಚೀಲದಲ್ಲಿದೆ.